ಟಿಪ್ಪಣಿ ತಂತ್ರಾಂಶದಲ್ಲಿ ಕೊಡವ ತಕ್ಕ್: ಕಾಣದ ಅಕ್ಷರ, ಸಿಗದ ಪದ

ಪ್ರಶ್ನೆ: ನಾನು ಕೊಡಗಿನ ಪೊನ್ನಂಪೇಟೆ ಸಮೀಪದವಳು, ನಿವೃತ್ತ ಶಾಲಾ ಶಿಕ್ಷಕಿ. ನನ್ನ ಅತ್ತೆಗೆ ಎಂಬತ್ತೆಂಟು ವರ್ಷ. ಅವರ ಬಾಯಲ್ಲಿ ಬರುವ ಕೊಡವ ತಕ್ಕಿನ, ಅಂದರೆ ಕೊಡವ ಭಾಷೆಯ, ಹಳೆಯ ಪದಗಳನ್ನು ಎರಡು ವರ್ಷಗಳಿಂದ ಲ್ಯಾಪ್‌ಟಾಪಿನ ಟಿಪ್ಪಣಿ ತಂತ್ರಾಂಶದಲ್ಲಿ ಬರೆದಿಡುತ್ತಿದ್ದೇನೆ. ಸುಮಾರು ಸಾವಿರದ ಮುನ್ನೂರು ಪದಗಳಾಗಿವೆ. ಪದವನ್ನು ಕನ್ನಡದಲ್ಲಿ ಬರೆದು, ಪಕ್ಕದಲ್ಲಿ ಇಂಗ್ಲಿಷ್ ಅಕ್ಷರಗಳಲ್ಲಿ ಉಚ್ಚಾರಣೆ ಕೊಡುತ್ತೇನೆ. ದೀರ್ಘಕ್ಕೆ ತಲೆಯ ಮೇಲೆ ಗೆರೆ ಹಾಕಬೇಕಲ್ಲ, ಅದಕ್ಕೆ ಆಲ್ಟ್ ಒತ್ತಿ 257 ಹೊಡೆದರೆ ವರ್ಡಿನಲ್ಲಿ ಸರಿಯಾಗಿ ಬರುತ್ತದೆ, ಟಿಪ್ಪಣಿಯಲ್ಲಿ ಮಾತ್ರ ಒಂದು ನಗುಮುಖ ಬರುತ್ತದೆ! ಕನ್ನಡದಲ್ಲಿ ಇಲ್ಲದ ನಮ್ಮ ಎರಡು ಸ್ವರಗಳಿಗೆ ಅಕ್ಷರದ ಮೇಲೆ ಎರಡು ಚುಕ್ಕೆ ಇಡುತ್ತಿದ್ದೇನೆ. ಲ್ಯಾಪ್‌ಟಾಪಿನಲ್ಲಿ ಚೆನ್ನಾಗಿ ಕಾಣುವ ಆ ಚುಕ್ಕೆಗಳು ಮೊಬೈಲಿನಲ್ಲಿ ಡಬ್ಬಿಗಳಾಗುತ್ತವೆ. 'ಐನ್‌ಮನೆ' (ಕುಟುಂಬದ ಮೂಲಮನೆ) ಎಂದು ಹುಡುಕಿದರೆ ಅರ್ಧದಷ್ಟು ಟಿಪ್ಪಣಿಗಳು ಸಿಗುವುದಿಲ್ಲ. ಇಪ್ಪತ್ತು ವರ್ಷದ ಹಿಂದೆ 'ನುಡಿ' ಎಂಬ ಕನ್ನಡ ತಂತ್ರಾಂಶದಲ್ಲಿ ಟೈಪ್ ಮಾಡಿಸಿದ್ದ ಹಾಡುಗಳನ್ನು ತಂದು ಅಂಟಿಸಿದರೆ ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳು ಬಂದವು. ಮಗನಿಗೆ ಕಳುಹಿಸಲು ಹಳೆಯ ಕಂಪ್ಯೂಟರಿನ ನೋಟ್‌ಪ್ಯಾಡಿನಲ್ಲಿ ಉಳಿಸಿದ ಒಂದು ಕಡತದ ತುಂಬ ಪ್ರಶ್ನಾರ್ಥಕ ಚಿಹ್ನೆಗಳು. ಮೊಬೈಲ್ ಹಳೆಯದಾಗಿದೆ ಎಂದು ಮಗ ಹೇಳುತ್ತಾನೆ. ಈ ತಂತ್ರಾಂಶಕ್ಕೆ ಕನ್ನಡವೇ ಬರುವುದಿಲ್ಲ, ಹಣ ಕೊಟ್ಟು ಬೇರೆಯದನ್ನು ಕೊಳ್ಳಿ ಎಂದು ಅಂಗಡಿಯವರು ಹೇಳುತ್ತಾರೆ. ನನ್ನ ಎರಡು ವರ್ಷದ ಕೆಲಸ ಹಾಳಾಯಿತೇ?

ಉತ್ತರ: ಕೊನೆಯ ಸಾಲಿಗೆ ಮೊದಲು ಉತ್ತರಿಸುತ್ತೇನೆ. ಹಾಳಾಗಿಲ್ಲ. ನೀವು ಹೇಳಿದ ಐದು ತೊಂದರೆಗಳಲ್ಲಿ ನಾಲ್ಕರಲ್ಲಿ ಪದಗಳು ಒಳಗೆ ಭದ್ರವಾಗಿವೆ, ಟೈಪ್ ಮಾಡುವುದರಲ್ಲಿ, ಹೊರಗೆ ತೋರುವುದರಲ್ಲಿ ಅಥವಾ ಹುಡುಕುವುದರಲ್ಲಿ ಮಾತ್ರ ದೋಷವಿದೆ. ಐದನೆಯದರಲ್ಲಿ, ಅಂದರೆ ಪ್ರಶ್ನಾರ್ಥಕ ಚಿಹ್ನೆಗಳ ಆ ಒಂದು ಕಡತದಲ್ಲಿ, ಪದಗಳು ನಿಜವಾಗಿಯೂ ಹೋಗಿವೆ. ಆದರೆ ಅದು ಮಗನಿಗಾಗಿ ಮಾಡಿದ ನಕಲು. ಮೂಲ ನಿಮ್ಮ ಟಿಪ್ಪಣಿಯಲ್ಲೇ ಇದೆ. ಇವತ್ತು ಒಂದೇ ಕೆಲಸ ಮಾಡಿ: ಏನನ್ನೂ ತಿದ್ದದೆ, ಏನನ್ನೂ ಅಳಿಸದೆ ಇಡೀ ಸಂಗ್ರಹದ ಒಂದು ಪ್ರತಿಯನ್ನು ಪೆನ್‌ಡ್ರೈವಿಗೆ ಹಾಕಿ ಪಕ್ಕಕ್ಕಿಡಿ. ಇಂಥ ಸಂಗ್ರಹಗಳು ಅಳಿದುಹೋದದ್ದನ್ನು ನಾನು ಕಂಡಿದ್ದೇನೆ. ಪ್ರತಿ ಬಾರಿಯೂ ಅವು ಅಳಿದದ್ದು ಮೂಲ ದೋಷದಿಂದಲ್ಲ, ಗಾಬರಿಯಲ್ಲಿ ಮಾಡಿದ ರಿಪೇರಿಯಿಂದ.

ಡಿಟಿಪಿ ಅಂಗಡಿಯಲ್ಲಿ ಅಕ್ಷರ ಜೋಡಿಸುವುದರಿಂದ ಆರಂಭಿಸಿ ಕನ್ನಡ ತಂತ್ರಾಂಶಗಳ ಪರೀಕ್ಷೆಯವರೆಗೆ ನಾನು ಮಾಡಿದ್ದೆಲ್ಲ ಅಕ್ಷರಗಳ ಕೆಲಸವೇ. ತಂತ್ರಾಂಶಕ್ಕೆ ಕನ್ನಡವೇ ಬರುವುದಿಲ್ಲ ಎಂಬ ನಿಮ್ಮ ಅಂಗಡಿಯವರ ಮಾತನ್ನು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ. ಇವತ್ತು ಬಳಕೆಯಲ್ಲಿರುವ ಯಾವುದೇ ಹೆಸರಾಂತ ಟಿಪ್ಪಣಿ ತಂತ್ರಾಂಶ ಒಳಗೆ ಯೂನಿಕೋಡನ್ನೇ, ಅಂದರೆ ಎಲ್ಲ ಲಿಪಿಗಳ ಪ್ರತಿ ಅಕ್ಷರಕ್ಕೂ ಒಂದೊಂದು ಸಂಖ್ಯೆ ಕೊಡುವ ಜಾಗತಿಕ ಪಟ್ಟಿಯನ್ನೇ, ಬಳಸುತ್ತದೆ. ಯೂನಿಕೋಡಿನಲ್ಲಿ ಕನ್ನಡಕ್ಕೆ 1991ರ ಮೊದಲ ಆವೃತ್ತಿಯಿಂದಲೇ 128 ಸ್ಥಾನಗಳ ಜಾಗ ಮೀಸಲಿದೆ. ಹಣ ಕೊಟ್ಟರೆ ಹೆಚ್ಚು ಜಾಗ ಸಿಗಬಹುದು, ಹೆಚ್ಚು ಸಾಧನಗಳಲ್ಲಿ ತೆರೆಯಬಹುದು. ಅಕ್ಷರಗಳು ಮಾತ್ರ ಅವೇ. ಮಗ ಹೇಳಿದ್ದರಲ್ಲಿ ಸ್ವಲ್ಪ ಸತ್ಯವಿದೆ, ಅದಕ್ಕೆ ಆಮೇಲೆ ಬರುತ್ತೇನೆ.

ಈಗ ಆ ನಗುಮುಖ. ಅದು ಬಂದದ್ದು ಆಕಸ್ಮಿಕವಲ್ಲ, ಅದಕ್ಕೊಂದು ಖಚಿತ ಲೆಕ್ಕವಿದೆ. 1981ರಲ್ಲಿ ಬಂದ ಐಬಿಎಂ ಪಿಸಿಯಲ್ಲಿ ಒಟ್ಟು 256 ಚಿಹ್ನೆಗಳ ಒಂದು ಪಟ್ಟಿ ಇತ್ತು, ಸೊನ್ನೆಯಿಂದ 255ರವರೆಗೆ. ಆಲ್ಟ್ ಹಿಡಿದು ಸಂಖ್ಯೆ ಒತ್ತುವ ಪದ್ಧತಿ ಆ ಕಾಲದ್ದು. ನೀವು 257 ಒತ್ತಿದಾಗ ಹಳೆಯ ಪದ್ಧತಿಯನ್ನೇ ನಂಬಿದ ತಂತ್ರಾಂಶ ತನ್ನ ಪಟ್ಟಿ ಮುಗಿದಮೇಲೆ ಮತ್ತೆ ಮೊದಲಿನಿಂದ ಎಣಿಸುತ್ತದೆ. 257ರಲ್ಲಿ 256 ಕಳೆದರೆ ಉಳಿಯುವುದು 1. ಆ ಪಟ್ಟಿಯ ಒಂದನೆಯ ಸ್ಥಾನದಲ್ಲಿರುವುದು ನಗುಮುಖ. ವರ್ಡ್ ಹಾಗಲ್ಲ, ಅದು ದೊಡ್ಡ ಸಂಖ್ಯೆಯನ್ನು ಯೂನಿಕೋಡ್ ಸಂಖ್ಯೆಯೆಂದೇ ಓದುತ್ತದೆ, ಹಾಗಾಗಿ ಗೆರೆಯಿರುವ 'ಎ' ಅಕ್ಷರ ಕೊಡುತ್ತದೆ. ಒಂದೇ ಕೀಲಿಮಣೆ, ಒಂದೇ ಬೆರಳು, ಎರಡು ಬಗೆಯ ಎಣಿಕೆ.

ಇದರಿಂದ ನಿಮಗೆ ಆಗುವ ಉಪಯೋಗ ಇದು. 255ರ ಒಳಗಿನ ಅಕ್ಷರಗಳಿಗೆ ಆಲ್ಟ್ ಪದ್ಧತಿ ಟಿಪ್ಪಣಿಯಲ್ಲೂ ನಡೆಯುತ್ತದೆ, ಆದರೆ ಸಂಖ್ಯೆಯ ಮುಂದೆ ಸೊನ್ನೆ ಸೇರಿಸಿ ನಾಲ್ಕು ಅಂಕಿ ಒತ್ತಬೇಕು. 0235 ಒತ್ತಿದರೆ ಎರಡು ಚುಕ್ಕೆಯ ಇಂಗ್ಲಿಷ್ 'ಇ', 0239 ಒತ್ತಿದರೆ ಎರಡು ಚುಕ್ಕೆಯ 'ಐ' ಬರುತ್ತವೆ. ಕೊಡವ ತಕ್ಕಿನ ವಿಶೇಷ ಸ್ವರಗಳೆರಡಕ್ಕೂ ಭಾಷಾಶಾಸ್ತ್ರಜ್ಞರು ಬಳಸುವ ಅಕ್ಷರಗಳು ಇವೇ. ನಿಮ್ಮ ಅದೃಷ್ಟಕ್ಕೆ ಅವೆರಡೂ ಆ ಗಡಿಯ ಒಳಗಿವೆ. ಇನ್ನೊಂದು ಸೂಚನೆ: ಈ ಅಂಕಿಗಳನ್ನು ಕೀಲಿಮಣೆಯ ಬಲಭಾಗದ ಅಂಕಿ ವಿಭಾಗದಲ್ಲೇ ಒತ್ತಬೇಕು, ಮೇಲಿನ ಸಾಲಿನಲ್ಲಿ ಒತ್ತಿದರೆ ಏನೂ ಆಗದು. ಚಿಕ್ಕ ಲ್ಯಾಪ್‌ಟಾಪ್‌ಗಳಲ್ಲಿ ಆ ವಿಭಾಗವೇ ಇರುವುದಿಲ್ಲ.

ಗೆರೆಯಿರುವ ದೀರ್ಘಾಕ್ಷರಗಳಿಗೆ ಇದಕ್ಕಿಂತ ಸುಲಭದ ದಾರಿ ನಿಮ್ಮ ವಿಂಡೋಸಿನಲ್ಲೇ ಇದೆ, ಯಾರೂ ಹೇಳಿರುವುದಿಲ್ಲ ಅಷ್ಟೇ. ಭಾಷೆಗಳ ಸೆಟ್ಟಿಂಗಿಗೆ ಹೋಗಿ 'ಇಂಗ್ಲಿಷ್ (ಇಂಡಿಯಾ)' ಕೀಲಿಮಣೆಯನ್ನು ಸೇರಿಸಿಕೊಳ್ಳಿ. ಇದು ಅಮೆರಿಕದ ಕೀಲಿಮಣೆಯಂತೆಯೇ ಇದೆ, ಆದರೆ ಬಲಗಡೆಯ ಆಲ್ಟ್ ಹಿಡಿದು 'ಎ', 'ಐ', 'ಯು' ಒತ್ತಿದರೆ ಗೆರೆಯಿರುವ ದೀರ್ಘಗಳು ಬರುತ್ತವೆ, 4 ಒತ್ತಿದರೆ ರೂಪಾಯಿ ಚಿಹ್ನೆ. ಭಾರತೀಯ ಭಾಷೆಗಳನ್ನು ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವವರನ್ನು ಮನಸ್ಸಿನಲ್ಲಿಟ್ಟುಕೊಂಡೇ ಮಾಡಿದ ಕೀಲಿಮಣೆ ಇದು. ಕೀಲಿಮಣೆ ವಿಂಡೋಸಿಗೆ ಸೇರಿದ್ದು, ಟಿಪ್ಪಣಿ ತಂತ್ರಾಂಶಕ್ಕೆ ಸೇರಿದ್ದಲ್ಲ. ಆದ್ದರಿಂದ ಇಲ್ಲಿ ಬಂದ ಅಕ್ಷರ ಎಲ್ಲ ತಂತ್ರಾಂಶಗಳಲ್ಲೂ ಬರುತ್ತದೆ. ಅಪರೂಪಕ್ಕೆ ಬೇಕಾಗುವ ಚಿಹ್ನೆಗಳಿಗೆ ವಿಂಡೋಸ್ ಗುರುತಿನ ಕೀಲಿಯ ಜೊತೆ ಪೂರ್ಣವಿರಾಮ ಒತ್ತಿ. ತೆರೆಯುವ ಚಿಕ್ಕ ಫಲಕದಲ್ಲಿ ಎಮೋಜಿಗಳ ಪಕ್ಕದಲ್ಲಿ ಚಿಹ್ನೆಗಳ ವಿಭಾಗವೂ ಇದೆ, ಚುಕ್ಕೆ ಗೆರೆಯ ಇಂಗ್ಲಿಷ್ ಅಕ್ಷರಗಳು ಅಲ್ಲಿ ಸಾಲಾಗಿ ಸಿಗುತ್ತವೆ. ಮೊಬೈಲಿನ ಕೀಲಿಮಣೆಯಲ್ಲಿ ಅಕ್ಷರವನ್ನು ಸ್ವಲ್ಪ ಹೊತ್ತು ಒತ್ತಿ ಹಿಡಿದರೆ ಸಾಕು.

ಡಬ್ಬಿ, ಅರ್ಥವಿಲ್ಲದ ಅಕ್ಷರ, ಪ್ರಶ್ನಾರ್ಥಕ ಚಿಹ್ನೆ, ಈ ಮೂರನ್ನೂ ಜನ ಒಟ್ಟಾಗಿ 'ಅಕ್ಷರ ಹಾಳಾಗಿದೆ' ಎನ್ನುತ್ತಾರೆ. ಮೂರೂ ಬೇರೆ ಬೇರೆ ಕಾಯಿಲೆಗಳು. ಡಬ್ಬಿ ಕಂಡರೆ ಪಠ್ಯಕ್ಕೆ ಏನೂ ಆಗಿಲ್ಲ, ಆ ಸಾಧನದ ಫಾಂಟಿನಲ್ಲಿ ಆ ಅಕ್ಷರದ ಚಿತ್ರ ಇಲ್ಲ ಎಂದಷ್ಟೇ ಅರ್ಥ. ಅರ್ಥವಿಲ್ಲದ ಅಕ್ಷರಗಳು ಕಂಡರೆ ಪಠ್ಯವನ್ನು ತಪ್ಪು ಪಟ್ಟಿ ಹಿಡಿದು ಓದಲಾಗುತ್ತಿದೆ, ಸರಿಯಾದ ಪಟ್ಟಿ ಸಿಕ್ಕರೆ ಮರಳಿ ಬರುತ್ತದೆ. ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಕಂಡರೆ ಮಾತ್ರ ಎದೆ ಧಸಕ್ಕೆನ್ನಬೇಕು. ನೋಟ್‌ಪ್ಯಾಡಿನ ಹಳೆಯ ಆವೃತ್ತಿಗಳು ಕಡತವನ್ನು 'ಆನ್ಸಿ' ಎಂಬ ಸಣ್ಣ ಪಟ್ಟಿಯಲ್ಲಿ ಉಳಿಸುತ್ತಿದ್ದವು. ಆ ಪಟ್ಟಿಯಲ್ಲಿ ಕನ್ನಡಕ್ಕೆ ಜಾಗವಿಲ್ಲ. ಜಾಗವಿಲ್ಲದ ಪ್ರತಿ ಅಕ್ಷರದ ಬದಲು ಒಂದೊಂದು ಪ್ರಶ್ನಾರ್ಥಕ ಚಿಹ್ನೆ ಬರೆಯಲಾಗುತ್ತದೆ, ಮೂಲ ಅಕ್ಷರ ಅಲ್ಲಿಗೆ ಮುಗಿಯಿತು. ಉಳಿಸುವ ಮುನ್ನ ಎಚ್ಚರಿಕೆಯ ಕಿಟಕಿಯೊಂದು ತೆರೆಯುತ್ತದೆ, ಓದದೆ 'ಸರಿ' ಒತ್ತುವುದು ಎಲ್ಲರ ಅಭ್ಯಾಸ. 2019ರ ನಂತರದ ವಿಂಡೋಸ್ 10ರಲ್ಲಿ ನೋಟ್‌ಪ್ಯಾಡ್ ತಾನಾಗಿಯೇ 'ಯುಟಿಎಫ್-8' ಎಂಬ ಯೂನಿಕೋಡ್ ರೂಪದಲ್ಲಿ ಉಳಿಸುತ್ತದೆ. ಅದಕ್ಕಿಂತ ಹಳೆಯ ಕಂಪ್ಯೂಟರಿನಲ್ಲಿ 'ಸೇವ್ ಆ್ಯಸ್' ಕಿಟಕಿಯ ಕೆಳಭಾಗದಲ್ಲಿ ನೀವೇ ಆರಿಸಬೇಕು.

ನುಡಿಯಿಂದ ಬಂದ ಹಾಡುಗಳ ವಿಚಾರ ನನಗೆ ಹತ್ತಿರದ್ದು. ಅವುಗಳಲ್ಲಿ ಕಂಡದ್ದು ತಲೆಯ ಮೇಲೆ ಓರೆಗೆರೆ, ಚುಕ್ಕೆ ಹೊತ್ತ ಇಂಗ್ಲಿಷ್ ಅಕ್ಷರಗಳಲ್ಲವೇ? ನೀವು ಬೇಕೆಂದು ಟೈಪ್ ಮಾಡಲು ಹೆಣಗುತ್ತಿರುವ ಅದೇ ಜಾತಿಯ ಅಕ್ಷರಗಳು ಇಲ್ಲಿ ಬೇಡದೆ ಬಂದು ಕುಳಿತಿವೆ. ಕಾರಣ ಹೀಗೆ. ಯೂನಿಕೋಡ್ ನಮ್ಮ ಕಂಪ್ಯೂಟರುಗಳಿಗೆ ಇಳಿಯುವ ಮೊದಲು ಕನ್ನಡಕ್ಕೆ ಸ್ವಂತ ಮನೆಯಿರಲಿಲ್ಲ. ಹಾಗಾಗಿ ನುಡಿ, ಬರಹ ಮುಂತಾದವುಗಳ ಫಾಂಟುಗಳು ಯುರೋಪಿನ ಅಕ್ಷರಗಳ ಮನೆಗಳಲ್ಲಿ ಕನ್ನಡದ ತುಂಡುಗಳನ್ನು ಇಟ್ಟವು. 'ಕನ್ನಡ' ಎಂಬ ಪದವನ್ನು ನುಡಿ ಫಾಂಟಿನಲ್ಲಿ ಬರೆದು ಆ ಫಾಂಟನ್ನು ತೆಗೆದುಬಿಟ್ಟರೆ ಉಳಿಯುವುದು ಇಂಗ್ಲಿಷಿನ 'ಪಿ', ಓರೆಗೆರೆಯ 'ಎ', ಬ್ರಿಟನ್ನಿನ ಪೌಂಡ್ ಚಿಹ್ನೆ, ಮತ್ತೆ ಓರೆಗೆರೆಯ 'ಎ', ಜರ್ಮನ್ನರು ಎರಡು 'ಎಸ್'ಗೆ ಬಳಸುವ ಅಕ್ಷರ, 'ಕ್ಯೂ', ಮತ್ತೊಮ್ಮೆ ಓರೆಗೆರೆಯ 'ಎ'. ಆ ಕಾಲಕ್ಕೆ ಅದು ಜಾಣತನದ ಪರಿಹಾರ. ಅದರಿಂದಲೇ ಕನ್ನಡದ ಕಚೇರಿಗಳು, ಪತ್ರಿಕೆಗಳು ನಡೆದವು. ಆದರೆ ಕಡತದ ಒಳಗಿರುವುದು ಕನ್ನಡವಲ್ಲ, ಕನ್ನಡದ ವೇಷ ಮಾತ್ರ.

ಮೊಬೈಲಿಗೆ ನುಡಿ ಫಾಂಟ್ ಹಾಕಿಸಿಕೊಂಡರೆ ಸರಿಹೋಗುತ್ತದೆ ಎಂದು ಯಾರಾದರೂ ಹೇಳಿದರೆ ಕೇಳಬೇಡಿ. ಕಾಣುವುದು ಸರಿಹೋದರೂ ಹುಡುಕಲಾಗದು, ಇನ್ನೊಬ್ಬರಿಗೆ ಕಳುಹಿಸಲಾಗದು. ಆ ಹಾಡುಗಳನ್ನು ಯೂನಿಕೋಡಿಗೆ ಪರಿವರ್ತಿಸಲೇಬೇಕು. ನುಡಿ, ಬರಹ ಎರಡರಲ್ಲೂ ಪರಿವರ್ತಕ ಇದೆ, ಅವು ನಿಮ್ಮ ಕಂಪ್ಯೂಟರಿನಲ್ಲೇ ಕೆಲಸ ಮಾಡುತ್ತವೆ, ಇಂಟರ್ನೆಟ್ ಬೇಡ. ಮಳೆಗಾಲದಲ್ಲಿ ದಿನಗಟ್ಟಲೆ ನೆಟ್‌ವರ್ಕ್ ಕಾಣದ ನಮ್ಮ ಊರುಗಳಿಗೆ ಇದು ಸಣ್ಣ ಅನುಕೂಲವಲ್ಲ. ಪರಿವರ್ತಿಸುವಾಗ ಎರಡು ಅಪಾಯಗಳಿವೆ. ಕನ್ನಡದ ನಡುವೆ ಇಂಗ್ಲಿಷ್ ಪದಗಳಿದ್ದರೆ ಪರಿವರ್ತಕ ಅವನ್ನೂ ಕನ್ನಡವೆಂದುಕೊಂಡು ಕಲಸಿಹಾಕಬಹುದು, ಆದ್ದರಿಂದ ಇಂಗ್ಲಿಷ್ ಸಾಲುಗಳನ್ನು ಮೊದಲೇ ಬೇರ್ಪಡಿಸಿ. ಇನ್ನೊಂದು ಅರ್ಕಾವೊತ್ತು. ಹಳೆಯ ಫಾಂಟುಗಳಲ್ಲಿ ಅದನ್ನು ಅಕ್ಷರದ ನಂತರ ಇಡುತ್ತಿದ್ದರು, ಯೂನಿಕೋಡಿನಲ್ಲಿ 'ರ' ಮೊದಲು ಬರಬೇಕು. ಪರಿವರ್ತನೆ ಮುಗಿದಮೇಲೆ ಅರ್ಕಾವೊತ್ತು ಇರುವ ಪದಗಳನ್ನು ಕಣ್ಣಿಟ್ಟು ಓದಿ. ಹಾಡಿನ ಸಾಲುಗಳನ್ನು ಅತ್ತೆಯವರ ಮುಂದೆ ಓದಿ ಹೇಳಿದರೆ ಇನ್ನೂ ಒಳ್ಳೆಯದು. ತಪ್ಪನ್ನು ಕಿವಿ ಕಣ್ಣಿಗಿಂತ ಬೇಗ ಹಿಡಿಯುತ್ತದೆ.

ಇನ್ನು 'ಐನ್‌ಮನೆ'. ನಿಮ್ಮ ಪತ್ರದಲ್ಲಿ ನನಗೆ ಅತ್ಯಂತ ಮುಖ್ಯವೆನಿಸಿದ ದೂರು ಇದೇ. ಡಬ್ಬಿಗಳು ಕಣ್ಣಿಗೆ ಬೀಳುತ್ತವೆ, ನಗುಮುಖವೂ ಬೀಳುತ್ತದೆ, ಇದು ಮಾತ್ರ ಕಾಣುವುದೇ ಇಲ್ಲ.

ಕನ್ನಡದಲ್ಲಿ ಅರ್ಧಾಕ್ಷರದ ಮುಂದೆ ವ್ಯಂಜನ ಬಂದರೆ ಅದು ಒತ್ತಾಗಿ ಕೆಳಗಿಳಿಯುತ್ತದೆ. 'ಐನ್' ಆದಮೇಲೆ ಜಾಗ ಬಿಡದೆ 'ಮನೆ' ಬರೆದರೆ 'ಐನ್ಮನೆ' ಆಗುತ್ತದೆ. ಹಾಗಾಗಬಾರದೆಂದು ನಡುವೆ ಒಂದು ಅದೃಶ್ಯ ಅಕ್ಷರ ಇಡುತ್ತೇವೆ. ಅದಕ್ಕೆ ಅಗಲವಿಲ್ಲ, ರೂಪವಿಲ್ಲ. 'ಇವೆರಡನ್ನೂ ಕೂಡಿಸಬೇಡ' ಎಂದು ಹೇಳುವುದಷ್ಟೇ ಅದರ ಕೆಲಸ. ಯೂನಿಕೋಡಿನಲ್ಲಿ ಅದರ ಸಂಖ್ಯೆ 8204. ಕೆಲವು ಕೀಲಿಮಣೆಗಳು ಅದನ್ನು ತಾವೇ ಸೇರಿಸುತ್ತವೆ, ಕೆಲವು ಸೇರಿಸುವುದಿಲ್ಲ. ಮೊಬೈಲಿನಲ್ಲಿ ನೀವು ಬೇಸತ್ತು ಜಾಗ ಬಿಟ್ಟು 'ಐನ್ ಮನೆ' ಎಂದು ಬರೆದಿರುವ ಸಾಧ್ಯತೆಯೂ ಇದೆ. ಹೀಗೆ ನಿಮ್ಮ ಸಂಗ್ರಹದಲ್ಲಿ ಒಂದೇ ಮನೆ ಮೂರು ವಿಳಾಸಗಳಲ್ಲಿ ದಾಖಲಾಗಿದೆ. ಹುಡುಕುವ ಯಂತ್ರಕ್ಕೆ ಐನ್‌ಮನೆ ಎಂದರೇನೆಂದು ಗೊತ್ತಿಲ್ಲ, ಅದು ಸಂಖ್ಯೆಗಳನ್ನು ಹೋಲಿಸುತ್ತದೆ, ಅಷ್ಟೇ. ಕೈಲ್‌ಪೊಳ್ದ್ ಎಂಬ ಹಬ್ಬದ ಹೆಸರಿಗೂ ಇದೇ ಗತಿ.

ಈ ಅದೃಶ್ಯ ಅಕ್ಷರ ಬೇಕಾದಾಗ ವರ್ಡಿನಲ್ಲಿ ಆಲ್ಟ್ ಹಿಡಿದು 8204 ಒತ್ತಿದರೆ ಬರುತ್ತದೆ. ಟಿಪ್ಪಣಿಯಲ್ಲಿ ಒತ್ತಿದರೆ ಹಿಂದಿನ ಲೆಕ್ಕದಂತೆಯೇ 256ರ ಪಾಲುಗಳನ್ನೆಲ್ಲ ಕಳೆದು 12 ಉಳಿದು, ಹೆಣ್ಣನ್ನು ಸೂಚಿಸುವ ಚಿಹ್ನೆ ಕಾಣಿಸಿಕೊಳ್ಳುತ್ತದೆ. ನನ್ನ ಸಲಹೆ ಬೇರೆ. ಇಂಥ ಜೋಡುಪದಗಳು ನಿಮ್ಮ ಸಂಗ್ರಹದಲ್ಲಿ ನೂರರೊಳಗೆ ಇರಬಹುದು. ಅವನ್ನೆಲ್ಲ ಒಂದು ಪುಟದಲ್ಲಿ ಸರಿಯಾಗಿ ಬರೆದಿಟ್ಟು, ಬೇಕಾದಾಗ ಅಲ್ಲಿಂದ ನಕಲಿಸಿ ಅಂಟಿಸಿ. ಜೊತೆಗೆ ಪ್ರತಿ ಟಿಪ್ಪಣಿಯ ಕೊನೆಯಲ್ಲಿ ಜಾಗ ಬಿಟ್ಟು ಬರೆದ ರೂಪವನ್ನೂ ಒಮ್ಮೆ ಸೇರಿಸಿ. ಆಮೇಲೆ ಹುಡುಕುವಾಗ 'ಐನ್ ಮನೆ' ಎಂದೇ ಹುಡುಕಿ.

ಕಣ್ಣಿಗೆ ಕಾಣದ ಇನ್ನೂ ಎರಡು ಬಲೆಗಳಿವೆ. ಒಂದು ಅನುಸ್ವಾರ. 'ಕಡಂಬುಟ್ಟ್' ಮತ್ತು 'ಕಡ೦ಬುಟ್ಟ್' ಎಂದು ಎರಡು ಬಗೆಯಲ್ಲಿ ಬರೆದ ಅಕ್ಕಿಯ ತಿಂಡಿಯ ಹೆಸರನ್ನು ನೋಡಿ. ಎರಡನೆಯದರಲ್ಲಿ ಇರುವುದು ಅನುಸ್ವಾರವಲ್ಲ, ಕನ್ನಡದ ಸೊನ್ನೆ. ಆಕಾರ ಒಂದೇ ಆದ್ದರಿಂದ ಅವಸರದಲ್ಲಿ ಟೈಪ್ ಮಾಡುವವರು ಸೊನ್ನೆಯನ್ನೇ ಒತ್ತುತ್ತಾರೆ, ವಿಸರ್ಗದ ಜಾಗದಲ್ಲಿ ವಿವರಣ ಚಿಹ್ನೆ ಹಾಕುತ್ತಾರೆ. ಇನ್ನೊಂದು ನಮ್ಮ ಜಿಲ್ಲೆಯ ಹೆಸರಿನಲ್ಲೇ ಇದೆ. 'ಕೊ' ಎಂಬುದರಲ್ಲಿರುವ ಒತ್ವಕ್ಕೆ ಯೂನಿಕೋಡಿನಲ್ಲಿ ಒಂದೇ ಸಂಖ್ಯೆಯೂ ಇದೆ, ಎತ್ವ ಮತ್ತು ದೀರ್ಘ ಉತ್ವವನ್ನು ಒಂದರ ನಂತರ ಒಂದು ಇಟ್ಟು ಬರೆಯಲೂ ಬರುತ್ತದೆ. ಪರದೆಯ ಮೇಲೆ ಎರಡೂ ಒಂದೇ. ಯೂನಿಕೋಡಿನ ನಿಯಮದ ಪ್ರಕಾರವೂ ಎರಡು ಸಮಾನವೇ, ಆದರೆ ಆ ನಿಯಮವನ್ನು ಹುಡುಕುವಾಗ ಪಾಲಿಸುವ ತಂತ್ರಾಂಶಗಳೂ ಇವೆ, ಪಾಲಿಸದವೂ ಇವೆ. ಪರಿವರ್ತಿಸಿ ತಂದ ಹಾಡುಗಳಲ್ಲಿ 'ಕೊಡವ' ಎಂದು ಹುಡುಕಿದಾಗ ಸಿಗದಿದ್ದರೆ ಇದನ್ನು ಅನುಮಾನಿಸಿ. ಆ ಪದವನ್ನು ಅಲ್ಲಿಂದಲೇ ನಕಲಿಸಿ ಹುಡುಕುವ ಪೆಟ್ಟಿಗೆಗೆ ಅಂಟಿಸಿ, ನೀವು ಟೈಪ್ ಮಾಡಿದ 'ಕೊಡವ'ದಿಂದ ಎಲ್ಲವನ್ನೂ ಒಮ್ಮೆಗೇ ಬದಲಿಸಿಬಿಡಿ. ಗೆರೆಯಿರುವ ಇಂಗ್ಲಿಷ್ ಅಕ್ಷರಗಳಿಗೂ ಇದೇ ಮಾತು ಅನ್ವಯಿಸುತ್ತದೆ: ಒಂದೇ ಅಕ್ಷರವಾಗಿಯೂ ಬರಬಹುದು, ಅಕ್ಷರ ಮತ್ತು ಗೆರೆ ಎಂಬ ಎರಡು ತುಂಡುಗಳಾಗಿಯೂ ಬರಬಹುದು. ಒಂದೇ ಕೀಲಿಮಣೆಯಿಂದ ಬರೆದರೆ ಈ ತಾಪತ್ರಯವಿಲ್ಲ.

ಈಗ ನಿಮ್ಮ ಎರಡು ಚುಕ್ಕೆಗಳು. ಮಗ ಹೇಳಿದ್ದರಲ್ಲಿ ಸತ್ಯವಿರುವುದು ಇಲ್ಲಿ. ಹೊಸ ಮೊಬೈಲಿನಲ್ಲಿ ಹೊಸ ಫಾಂಟುಗಳಿರುತ್ತವೆ, ಡಬ್ಬಿಗಳು ಕಡಿಮೆಯಾಗಬಹುದು. ಆದರೆ ಅದು ಪರಿಹಾರವಲ್ಲ. ಅಕ್ಷರದ ಮೇಲೆ ಕೂರುವ ಆ ಎರಡು ಚುಕ್ಕೆ ಯುರೋಪಿನ ಲಿಪಿಗಳಿಗಾಗಿ ಬಂದ ಗುರುತು. ಕನ್ನಡ ಫಾಂಟ್ ಮಾಡಿದವರು 'ಕಿ' ಅಕ್ಷರದ ಗುಡಿಸಿನ ಮೇಲೆ ಎಲ್ಲಿ ಚುಕ್ಕೆ ಇಡಬೇಕೆಂದು ಯೋಚಿಸಿರುವುದೇ ಇಲ್ಲ. ಒಂದು ಕಡೆ ಸರಿಯಾಗಿ ಕೂರುತ್ತದೆ, ಇನ್ನೊಂದು ಕಡೆ ಪಕ್ಕಕ್ಕೆ ಜಾರುತ್ತದೆ, ಮತ್ತೊಂದು ಕಡೆ ಡಬ್ಬಿ. ನೀವು ಮೊಬೈಲ್ ಬದಲಿಸಬಹುದು, ನಾಳೆ ನಿಮ್ಮ ಸಂಗ್ರಹವನ್ನು ಓದುವ ಮೊಮ್ಮಕ್ಕಳ ಸಾಧನಗಳನ್ನೆಲ್ಲ ಬದಲಿಸಲಾರಿರಿ.

ಹಾಗಾದರೆ ಆ ಸ್ವರಗಳನ್ನು ಬರೆಯುವುದು ಹೇಗೆ? ಅವು ನಿಜವಾಗಿಯೂ ಇವೆ, ಬರೆಯಲೇಬೇಕು. ಅಮೆರಿಕದ ಭಾಷಾವಿಜ್ಞಾನಿ ಎಮೆನೋ 1930ರ ದಶಕದಲ್ಲಿ ನಮ್ಮ ನಾಡಿಗೆ ಬಂದು ಕೊಡವ ತಕ್ಕನ್ನು ಅಧ್ಯಯನ ಮಾಡಿದವರು. ನಾಲಿಗೆ ಬಾಯಿಯ ನಡುವೆ ನಿಂತು ಹುಟ್ಟುವ ಈ ಸ್ವರಗಳನ್ನು, ಹ್ರಸ್ವ ದೀರ್ಘ ಸಹಿತ, ಅವರು ಬೇರೆಯಾಗಿಯೇ ಗುರುತಿಸಿದರು. ಕನ್ನಡದ ಇಕಾರ ಎಕಾರಗಳಲ್ಲಿ ಅವನ್ನು ಮುಚ್ಚಿಬಿಟ್ಟರೆ ಅತ್ತೆಯವರ ಉಚ್ಚಾರಣೆಯ ಅರ್ಧ ಸೊಗಸು ಹೋದಂತೆ. ನಿಮಗೆ ಈ ಕಾಳಜಿ ಇರುವುದು ಕಂಡು ನನಗೆ ತುಂಬ ಸಂತೋಷವಾಯಿತು.

ಒಂದು ದಾರಿ, ಪೂರ್ತಿ ಇಂಗ್ಲಿಷ್ ಅಕ್ಷರಗಳಲ್ಲಿ ಬರೆಯುವುದು. ನಿಖರತೆಯಲ್ಲಿ ಅದನ್ನು ಮೀರಿಸುವುದು ಕಷ್ಟ, ವಿದ್ವಾಂಸರಿಗೆ ನೇರವಾಗಿ ದಕ್ಕುತ್ತದೆ. ಆದರೆ ಬರೆಯುವುದು ನಿಧಾನ. ವಿಶೇಷ ಸ್ವರದ ದೀರ್ಘಕ್ಕೆ ಚುಕ್ಕೆಗಳ ಮೇಲೆ ಗೆರೆ ಪೇರಿಸಬೇಕು, ಆ ಜೋಡಣೆಗೆ ಸಿದ್ಧ ಅಕ್ಷರವಿಲ್ಲ, ಮತ್ತೆ ತುಂಡುಗಳ ಸಮಸ್ಯೆ. ಈ ದಾರಿ ಹಿಡಿದರೆ ದೀರ್ಘಕ್ಕೆ ಗೆರೆ ಬಿಟ್ಟು ಚುಕ್ಕೆಯ ಅಕ್ಷರವನ್ನೇ ಎರಡು ಸಲ ಬರೆಯಿರಿ. ಇನ್ನೊಂದು ದಾರಿ, ಏನೂ ಗುರುತಿಲ್ಲದ ಕನ್ನಡ. 1924ರಲ್ಲಿ ನಡಿಕೇರಿಯಂಡ ಚಿಣ್ಣಪ್ಪನವರ ಕೊಡವ ಜನಪದ ಹಾಡುಗಳ ಸಂಗ್ರಹ 'ಪಟ್ಟೋಲೆ ಪಳಮೆ' ಅಚ್ಚಾದದ್ದು ಕನ್ನಡ ಲಿಪಿಯಲ್ಲೇ. ನೂರು ವರ್ಷದ ನಂತರವೂ ಕೊಡಗಿನ ಮನೆಗಳಲ್ಲಿ ಅದನ್ನು ತೆರೆದು ಓದಬಹುದು. ಈ ದಾರಿಯ ಬಲ ಅದು. ತಕ್ಕ್, ಪಾಪುಟ್ಟ್, ನೂಪುಟ್ಟ್ ಎಂದು ಬರೆದಾಗ ಕೊನೆಯ ಅರ್ಧಾಕ್ಷರದ ನಂತರ ಒಂದು ಕಿರಿದಾದ ಸ್ವರ ತೇಲಿಬರುತ್ತದೆಂದು ಭಾಷೆ ಬಲ್ಲವರಿಗೆ ಹೇಳಬೇಕಾಗಿಲ್ಲ. ಬೆಂಗಳೂರಿನಲ್ಲಿ ಬೆಳೆದ ಮಗುವಿಗೆ ಹೇಳಬೇಕು. ಪದದ ನಡುವೆ ಬರುವ ವಿಶೇಷ ಸ್ವರಗಳಂತೂ ಈ ದಾರಿಯಲ್ಲಿ ಕಾಣೆಯಾಗುತ್ತವೆ.

ನಾನು ನಿಮ್ಮ ಜಾಗದಲ್ಲಿದ್ದರೆ ಕನ್ನಡದಲ್ಲೇ ಬರೆದು, ವಿಶೇಷ ಸ್ವರವಿರುವ ಅಕ್ಷರದ ಪಕ್ಕದಲ್ಲಿ ಕೂಡುವ ಚಿಹ್ನೆ ಹಾಕುತ್ತಿದ್ದೆ, ಕಿ+ ಅಥವಾ ಕೆ+ ಎಂಬಂತೆ. ದೀರ್ಘವಾದರೆ ಕೀ+, ಕೇ+. ನೋಡಲು ಅಂದವಿಲ್ಲ, ಒಪ್ಪುತ್ತೇನೆ. ಆದರೆ ಅದು ಪ್ರತಿ ಕೀಲಿಮಣೆಯಲ್ಲಿದೆ, ಪ್ರತಿ ಫಾಂಟಿನಲ್ಲಿದೆ, ಎಲ್ಲಿಗೆ ಕಳುಹಿಸಿದರೂ ಹಾಗೇ ಉಳಿಯುತ್ತದೆ, ಹುಡುಕಿದರೆ ಸಿಗುತ್ತದೆ. ನಾಳೆ ಇವಕ್ಕೆ ಎಲ್ಲರೂ ಒಪ್ಪುವ ಅಂದದ ಗುರುತು ಬಂದರೆ ಒಂದೇ ಆಜ್ಞೆಯಲ್ಲಿ ಎಲ್ಲವನ್ನೂ ಬದಲಿಸಬಹುದು. ನಕ್ಷತ್ರ ಚಿಹ್ನೆ ಬೇಡ, ಅಡಿಗೆರೆ ಬೇಡ. ಹಲವು ಟಿಪ್ಪಣಿ ತಂತ್ರಾಂಶಗಳು ಅವೆರಡರ ನಡುವೆ ಸಿಕ್ಕಿದ್ದನ್ನು ಓರೆ ಅಕ್ಷರವಾಗಿಸಿ ಚಿಹ್ನೆಯನ್ನೇ ಅಡಗಿಸುತ್ತವೆ. ಹ್ಯಾಶ್ ಚಿಹ್ನೆಯನ್ನು ವಿಷಯಸೂಚಿ ಎಂದುಕೊಳ್ಳುತ್ತವೆ. ಮೇಲಿನ ಅಲ್ಪವಿರಾಮದಂಥ ಚಿಹ್ನೆಯನ್ನು ತಾವಾಗಿಯೇ ಬಾಗಿಸಿ ಬೇರೆ ಅಕ್ಷರವಾಗಿ ಮಾಡುತ್ತವೆ. ಕೂಡುವ ಚಿಹ್ನೆ ಪದದ ಒಳಗೆ ಇದ್ದಷ್ಟು ಕಾಲ ಅದರ ತಂಟೆಗೆ ಯಾರೂ ಹೋಗುವುದಿಲ್ಲ. ಈಗಾಗಲೇ ಚುಕ್ಕೆ ಇಟ್ಟ ಅಕ್ಷರಗಳಿಗೆ, ಪ್ರತಿಯೊಂದನ್ನೂ ಇಡಿಯಾಗಿ ನಕಲಿಸಿ ಹುಡುಕುವ ಪೆಟ್ಟಿಗೆಗೆ ಹಾಕಿ ಹೊಸ ರೂಪದಿಂದ ಬದಲಿಸುತ್ತಾ ಹೋಗಿ. ಎರಡು ಸಂಜೆಗಳ ಕೆಲಸ. ಮೊದಲೇ ಹೇಳಿದ ಪ್ರತಿ ಪಕ್ಕದಲ್ಲಿರಲಿ.

ಹಳಗನ್ನಡದ ಶಾಸನಗಳನ್ನು ನಕಲು ಮಾಡಿಕೊಳ್ಳುವವರು ಯಾರಾದರೂ ಇದನ್ನು ಓದುತ್ತಿದ್ದರೆ ಅವರಿಗೊಂದು ಮಾತು. ೞ ಅಕ್ಷರವನ್ನು ಹೆಸರು ಹಿಡಿದು ಹುಡುಕಿದರೆ ಸಿಗುವುದು ಕಷ್ಟ. ಯೂನಿಕೋಡಿನವರು ಅದಕ್ಕೆ ತಪ್ಪಾಗಿ 'ಫ' ಎಂದು ಹೆಸರಿಟ್ಟರು. ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬುದು ಅವರ ಕಟ್ಟುನಿಟ್ಟಿನ ನಿಯಮ, ಆದ್ದರಿಂದ ಸರಿಯಾದ ಹೆಸರನ್ನು ಪಕ್ಕದಲ್ಲಿ ಸೇರಿಸಿದ್ದಾರೆ. ಅದರ ಸಂಖ್ಯೆ 3294, ಱ ಅಕ್ಷರದ್ದು 3249.

ನಿಮ್ಮ ಸಂಗ್ರಹದ ಮೊದಲ ಪುಟವಾಗಿ ಒಂದು ಕೀಲಿಕೈ ಪುಟ ಬರೆಯಿರಿ. ಕೂಡುವ ಚಿಹ್ನೆ ಎಂದರೆ ಏನು, ಕೊನೆಯ ಅರ್ಧಾಕ್ಷರವನ್ನು ಹೇಗೆ ಓದಬೇಕು, ಜೋಡುಪದಗಳನ್ನು ಹೇಗೆ ಹುಡುಕಬೇಕು ಎಂದು ಸರಳವಾಗಿ ಬರೆದಿಡಿ. ಇಂಗ್ಲಿಷ್ ಉಚ್ಚಾರಣೆ ಎಲ್ಲ ಪದಗಳಿಗೂ ಬೇಡ, ಸಂಶಯ ಬರುವ ಪದಗಳಿಗೆ ಸಾಕು. ಆ ಪದಗಳಿಗೆ ಇನ್ನೊಂದನ್ನೂ ಮಾಡಿ: ಅತ್ತೆಯವರು ಅವನ್ನು ಹೇಳುವುದನ್ನು ಮೊಬೈಲಿನಲ್ಲಿ ಧ್ವನಿಮುದ್ರಿಸಿ ಅದೇ ಟಿಪ್ಪಣಿಗೆ ಸೇರಿಸಿ. ಬಹುತೇಕ ಟಿಪ್ಪಣಿ ತಂತ್ರಾಂಶಗಳಲ್ಲಿ ಧ್ವನಿ ಕಡತ ಅಂಟಿಸುವ ಅವಕಾಶವಿದೆ. ಪದವನ್ನು ಒಂಟಿಯಾಗಿ ಒಮ್ಮೆ, ವಾಕ್ಯದಲ್ಲಿ ಒಮ್ಮೆ ಹೇಳಿಸಿ. ಒಲೆಯ ಸದ್ದು, ಮಳೆಯ ಸದ್ದು ಇಲ್ಲದ ಹೊತ್ತು ಆರಿಸಿಕೊಳ್ಳಿ. ಯಾವ ಗುರುತೂ ಆ ಸ್ವರವನ್ನು ಪೂರ್ತಿಯಾಗಿ ಹಿಡಿಯಲಾರದು. ಇದನ್ನು ಮುಂದೂಡಬೇಡಿ, ಅಕ್ಷರಗಳನ್ನು ಮುಂದಿನ ವರ್ಷವೂ ತಿದ್ದಬಹುದು.

ಪ್ರತಿಗಳ ವಿಚಾರ. ಪಿಡಿಎಫ್ ಮಾಡಿಟ್ಟರೆ ಸಾಕೆಂದು ಅನೇಕರು ನಂಬುತ್ತಾರೆ. ನೋಡಲು, ಮುದ್ರಿಸಲು ಅದು ಚೆನ್ನ, ಆದರೆ ಅದರಿಂದ ಕನ್ನಡವನ್ನು ಮರಳಿ ನಕಲಿಸಿದಾಗ ಒತ್ತಕ್ಷರಗಳು ಚದುರಿಹೋಗುವುದು ಸಾಮಾನ್ಯ. ಪುಟದ ಫೋಟೋವಂತೂ ಹುಡುಕಲು ಸಿಗದು. ವರ್ಷಕ್ಕೆರಡು ಸಲ ಎಲ್ಲವನ್ನೂ ಯುಟಿಎಫ್-8 ರೂಪದ ಸರಳ ಪಠ್ಯವಾಗಿ ಹೊರತೆಗೆದು ಎರಡು ಪೆನ್‌ಡ್ರೈವುಗಳಲ್ಲಿ ಇಡಿ. ಒಂದು ನಿಮ್ಮ ಮನೆಯಲ್ಲಿ, ಇನ್ನೊಂದು ಜಿಲ್ಲೆಯ ಹೊರಗೆ ಮಗನ ಬಳಿ. 2018ರ ಆಗಸ್ಟಿನಲ್ಲಿ ಮಡಿಕೇರಿ ಸುತ್ತಮುತ್ತ ಗುಡ್ಡಗಳು ಜರಿದಾಗ ಮನೆಯ ಜೊತೆ ಕಾಗದಪತ್ರಗಳನ್ನೂ ಕಳೆದುಕೊಂಡವರನ್ನು ನಾವೆಲ್ಲ ಕಂಡಿದ್ದೇವೆ. ಸಂಗ್ರಹ ಒಂದು ಹದಕ್ಕೆ ಬಂದಮೇಲೆ ಮಡಿಕೇರಿಯಲ್ಲಿರುವ ಕರ್ನಾಟಕ ಕೊಡವ ಸಾಹಿತ್ಯ ಅಕಾಡೆಮಿಯವರಿಗೂ ತೋರಿಸಿ.

ಪ್ರತಿ ಸರಿಯಾಗಿ ಬಂದಿದೆಯೇ ಎಂದು ನೋಡಲು ಪೆನ್‌ಡ್ರೈವನ್ನು ನಿಮ್ಮದಲ್ಲದ ಒಂದು ಕಂಪ್ಯೂಟರಿನಲ್ಲಿ ತೆರೆಯಿರಿ, ನೆರೆಮನೆಯದ್ದಾದರೂ ಸರಿ. ಮೂರು ಪದಗಳನ್ನು ಹುಡುಕಿ: ಕೊಡವ, ಕಡಂಬುಟ್ಟ್, ಐನ್ ಮನೆ. ಲ್ಯಾಪ್‌ಟಾಪಿನಲ್ಲಿ ಸಿಕ್ಕಷ್ಟೇ ಸಲ ಅಲ್ಲಿಯೂ ಸಿಕ್ಕರೆ ಆ ಪೆನ್‌ಡ್ರೈವನ್ನು ಧೈರ್ಯವಾಗಿ ಮಗನಿಗೆ ಕಳುಹಿಸಬಹುದು.